ಸಮತೂಕದ ಗಾಲಿ

ತಾಮ್ರದ ತಟ್ಟೆಯೊಂದು ಗಿರಗಿರನೆ ತಿರುಗುತ್ತಿರುವಾಗ ಅದರ ಪಕ್ಕಕ್ಕೆ ಅಯಸ್ಕಾಂತ ತಂದರೆ, ಒಂದಕ್ಕೊಂದು ತಾಗದಿದ್ದರೂ ತಟ್ಟೆಯ ವೇಗ ಕಡಿಮೆಯಾಗುತ್ತದೆ. ಅಯಸ್ಕಾಂತ ಹತ್ತಿರ ಬಂದಷ್ಟೂ ತಟ್ಟೆಯನ್ನು ತಿರುಗಿಸುವುದು ಕಷ್ಟ. ವಿಜಯಪುರದ ಹೊರಗೆ, ಹಳೆಯ ಹತ್ತಿ ಗೋದಾಮಿನಲ್ಲಿ ಕಟ್ಟಿಕೊಂಡಿದ್ದ ತಮ್ಮ ಪ್ರಯೋಗಾಲಯದಲ್ಲಿ ಡಾ. ಉಮಾದೇವಿ ಗಲಗಲಿ ಇದನ್ನು ಸಾವಂತ್ರಿಗೆ ತೋರಿಸಿದರು. ಕೈಯಿಂದಲೇ ತಿರುಗಿಸಿ ನೋಡು ಎಂದರು. ಕಾಣದ ಯಾರೋ ತಟ್ಟೆಯನ್ನು ಆ ಬದಿಯಿಂದ ಹಿಡಿದುಕೊಂಡ ಹಾಗಿತ್ತು.

"ಇದನ್ನ ಸೈಕಲ್ಲಿನ ಹಿಂದಿನ ಗಾಲಿಯೊಳಗ ಕೂಡಸ್ತೀನಿ," ಎಂದರು ಗಲಗಲಿ. "ಹರೇದಾಗ ನಿನ್ನ ಮೈ ನಿನಗ ಏನು ಹೆಚ್ಚಿಂದು ಕೊಟ್ಟದ, ಅಷ್ಟನ್ನ ಮಾತ್ರ ಇದು ಹಿಡದಿಟ್ಕೋತದ. ನೀ ಬೆವರು ಸುರಿಸಿ ಗಳಿಸಿದ್ದನ್ನ ಮುಟ್ಟೂದಿಲ್ಲ."

"ಮುಟ್ಟೂದಿಲ್ಲ ಅಂತ ನಿಮಗ ಹೆಂಗ ಗೊತ್ತಾಗ್ತದ್ರಿ?"

"ಗೊತ್ತಿಲ್ಲ. ಅದಕ್ಕ ನಿನ್ನ ಕರಸೀನಿ."

ಸಾವಂತ್ರಿ ಹಲಸಂಗಿ ಹದಿನಾಲ್ಕನೇ ವಯಸ್ಸಿನಿಂದ ಟ್ರ್ಯಾಕಿನ ಮೇಲೆ ಸೈಕಲ್ ಓಡಿಸಿದವಳು. ಆಗ ಅವಳನ್ನು ಹುಡುಗರ ಸ್ಪರ್ಧೆಗಳಲ್ಲಿ ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಇಪ್ಪತ್ತು ತುಂಬುವ ಹೊತ್ತಿಗೆ ಅವಳು ಹೆಣ್ಣಾಗಿಯೇ ಬದುಕುವುದೆಂದು ನಿರ್ಧರಿಸಿದಳು; ಚಿಕಿತ್ಸೆ ಪಡೆದಳು; ಹೆಸರು ಬದಲಿಸಿಕೊಂಡಳು. ಅಪ್ಪ ಮನೆಯ ಬಾಗಿಲು ಮುಚ್ಚಿದ. ಮಹಿಳೆಯರ ಸ್ಪರ್ಧೆಯ ಬಾಗಿಲು ಒಂದು ವರ್ಷ ತೆರೆದಂತೆ ಮಾಡಿ ಅದೂ ಮುಚ್ಚಿತು. ಆಗ ಅವಳನ್ನು ಕರೆದೊಯ್ದು ತನ್ನ ಮನೆಯ ಮೇಲಿನ ಕೋಣೆಯಲ್ಲಿ ಇರಿಸಿಕೊಂಡವಳು ನೀಲಗಂಗಾ ಬಗಲಿ. ಅವಳೂ ಸೈಕಲ್ ಪಟುವೇ. ನೀಲಗಂಗಾಳ ತಾಯಿ ಶಾಂತವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮನೆ ನಡೆಸುತ್ತಿದ್ದಳು. ಬಂದ ದಿನವೇ ಸಾವಂತ್ರಿಯ ಮುಂದೆ ತಾಟು ಇಟ್ಟು, "ಇನ್ನೊಂದು ರೊಟ್ಟಿ ಹೆಚ್ಚಿಗಿ ಬಡದ್ರಾತು," ಎಂದಳು. ಮತ್ತೇನೂ ಕೇಳಲಿಲ್ಲ.

ಆದರೆ ನೀಲಗಂಗಾ ಒಂದು ಮಾತನ್ನು ಮುಚ್ಚಿಡದೆ ಹೇಳಿದ್ದಳು. "ನೀ ನನಗ ಅಕ್ಕ ಇದ್ದಂಗ. ಆದ್ರ ಟ್ರ್ಯಾಕಿನ ಮ್ಯಾಲ ನಿನ್ನ ಸಂಗಟ ನಾ ಇಳಿಯಂಗಿಲ್ಲ. ಸೋತ್ರ, ಯಾಕ ಸೋತೆ ಅಂತ ನನಗ ಗೊತ್ತಾಗೂದಿಲ್ಲ."

ಸಾವಂತ್ರಿಗೆ ಆ ಮಾತು ಚುಚ್ಚಿತು. ಆಮೇಲೆ ಯೋಚಿಸಿದಾಗ ತನ್ನ ಪ್ರಶ್ನೆಯೂ ಅದೇ ಎನ್ನಿಸಿತು. ಗೆದ್ದರೆ, ಯಾಕೆ ಗೆದ್ದೆ ಎಂದು ತನಗಾದರೂ ಹೇಗೆ ಗೊತ್ತಾಗಬೇಕು? ಗಲಗಲಿಯವರು ಕರೆದಾಗ ಅವಳು ಹೋಗಿದ್ದು ಅದಕ್ಕೇ.

ಎರಡು ವರ್ಷ ಅವಳ ಮೈ ಪ್ರಯೋಗಾಲಯದ ಸ್ವತ್ತಾಯಿತು. ಎಲುಬಿನ ಉದ್ದ, ಹೃದಯದ ಗಾತ್ರ, ರಕ್ತ ಹೊರುವ ಆಮ್ಲಜನಕ, ತೊಡೆಯ ಸ್ನಾಯುವಿನ ಎಳೆ ಎಲ್ಲವನ್ನೂ ಅಳೆದರು. ಅಳೆದದ್ದಕ್ಕೆ ತಕ್ಕಂತೆ ಗಾಲಿಯೊಳಗಿನ ಅಯಸ್ಕಾಂತವನ್ನು ತಟ್ಟೆಯ ಹತ್ತಿರಕ್ಕೂ ದೂರಕ್ಕೂ ಸರಿಸಿದರು. ಸರಿಸಲು ಇಪ್ಪತ್ತು ಮೆಟ್ಟಿಲುಗಳಿದ್ದವು, ಏರಿದಷ್ಟೂ ತುಳಿಯುವುದು ಭಾರ. ಒಂದೊಂದು ಮೆಟ್ಟಿಲಿನ ಭಾರವೂ ಸಾವಂತ್ರಿಯ ಕಾಲುಗಳಿಗೆ ಪಾಠವಾಗಿ ಹೋಯಿತು. ಕಣ್ಣು ಕಟ್ಟಿ ಕೂರಿಸಿದರೂ ಇದು ಆರು, ಇದು ಒಂಬತ್ತು ಎನ್ನುತ್ತಿದ್ದಳು. ನೂರಾರು ಹೆಣ್ಣುಮಕ್ಕಳ ಅಳತೆಗಳ ಜೊತೆ ತಾಳೆ ನೋಡಿದ ಮೇಲೆ ಅವಳ ಮೆಟ್ಟಿಲು ಹನ್ನೊಂದು ಎಂದು ತೀರ್ಮಾನವಾಯಿತು. ಈ ಗಾಲಿ ಅವಳೊಬ್ಬಳಿಗೇ ಅಲ್ಲ, ಎಲ್ಲರಿಗೂ. ಹುಟ್ಟಿನಿಂದ ನೀಳ ಕಾಲು, ದೊಡ್ಡ ಎದೆಗೂಡು ಪಡೆದಿದ್ದ ನೀಲಗಂಗಾಳಿಗೆ ಮೂರು ಬಂತು.

ಗಾಲಿಯಲ್ಲಿ ಸಣ್ಣದೊಂದು ರೇಡಿಯೋ ಕೂಡ ಇತ್ತು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಯಾರಾದರೂ ಬಿದ್ದರೆ ಹಿಂದಿನವರು ಅವರ ಮೇಲೆಯೇ ಬಂದು ಬೀಳುತ್ತಾರೆ. ಅಂಥ ಹೊತ್ತಿನಲ್ಲಿ ಎಲ್ಲ ಗಾಲಿಗಳನ್ನೂ ಒಮ್ಮೆಗೇ ನಿಧಾನ ಮಾಡಲು ನಿಯಂತ್ರಣ ಕೊಠಡಿಯಿಂದ ಸಂದೇಶ ಕಳಿಸಬೇಕಲ್ಲ, ಅದಕ್ಕಾಗಿ. ಅದೊಂದು ಸಂದರ್ಭ ಬಿಟ್ಟು ಓಟದ ನಡುವೆ ಗಾಲಿಯನ್ನು ಯಾರೂ ಮುಟ್ಟುವುದಿಲ್ಲ ಎಂದು ಗಲಗಲಿ ಮಾತು ಕೊಟ್ಟಿದ್ದರು.

ಎಲ್ಲರೂ ಈ ಗಾಲಿಯ ಮೇಲೆಯೇ ಓಡುವ ಕೃಷ್ಣಾತೀರ ಮಹಿಳಾ ಸೈಕಲ್ ಲೀಗ್ ಶುರುವಾಯಿತು. ನೀಲಗಂಗಾ ಸಾವಂತ್ರಿಯ ಪಕ್ಕದಲ್ಲೇ ಟ್ರ್ಯಾಕಿಗೆ ಇಳಿದಳು. ಮೊದಲ ಓಟದಲ್ಲಿ ನೀಲಗಂಗಾ ಎರಡನೆಯವಳು, ಸಾವಂತ್ರಿ ಐದನೆಯವಳು. ಸೈಕಲ್ಲಿನಿಂದ ಇಳಿದ ಸಾವಂತ್ರಿ ನಗುತ್ತಲೇ ಇದ್ದಳು.

"ಸೋತು ನಗಾಕತ್ತೀಯಲ್ಲ," ಎಂದಳು ನೀಲಗಂಗಾ.

"ಐದನೇದು ಅಂದ್ರ ಐದನೇದು. ಯಾರೂ ಏನೂ ಅನ್ನಂಗಿಲ್ಲ," ಎಂದಳು ಸಾವಂತ್ರಿ.

ನಿಜವಾಗಿಯೂ ಯಾರೂ ಏನೂ ಅನ್ನಲಿಲ್ಲ, ಯಾಕೆಂದರೆ ನೋಡಲು ಯಾರೂ ಬಂದಿರಲಿಲ್ಲ. ಸಿಮೆಂಟಿನ ಮೆಟ್ಟಿಲುಗಳ ಮೇಲೆ ಆಟಗಾರ್ತಿಯರ ಬಳಗ, ನೆರಳಿಗೆ ಬಂದ ಕಡಲೆಕಾಯಿಯವನು, ಎರಡು ನಾಯಿ. ಋತು ಮುಗಿಯುವ ಮೊದಲೇ ಪಗಾರ ನಿಂತಿತು. ಮಂಡಿನೋವಿನಿಂದ ಕೂರಲಾಗದ ಶಾಂತವ್ವ ನಿಂತುಕೊಂಡೇ ರೊಟ್ಟಿ ಬಡಿಯತೊಡಗಿದಳು. ಲೀಗಿನ ವ್ಯವಸ್ಥಾಪಕ ವಿಶ್ವಜಿತ ನಾಡಗೌಡ ಹುಡುಗಿಯರನ್ನೆಲ್ಲ ಕೂಡಿಸಿ, ಮುಂದಿನ ವರ್ಷ ನಡೆಸುವುದು ಅನುಮಾನ ಎಂದು ಕೈ ಮುಗಿದ.

ಆದರೂ ಎರಡನೇ ಋತು ಶುರುವಾಯಿತು. ಅದರ ಮೊದಲ ಓಟವನ್ನು ಸಾವಂತ್ರಿ ಗೆದ್ದಳು, ಅರ್ಧ ಗಾಲಿಯ ಅಂತರದಿಂದ. ಎರಡನೆಯದನ್ನೂ ಗೆದ್ದಳು. ಮೂರನೆಯದನ್ನು ಗೆದ್ದಾಗ ಟಿವಿಯವರು ಬಂದರು.

ಆಮೇಲೆ ಎಲ್ಲವೂ ಒಮ್ಮೆಗೇ ಆಯಿತು. ರಾತ್ರಿ ಚರ್ಚೆಗಳಲ್ಲಿ ಅವಳ ಮೈಯನ್ನು ಇಂಚಿಂಚು ಅಳೆದರು. ಸ್ಟೇಡಿಯಮ್ಮಿನ ಒಂದು ಗೇಟಿನಲ್ಲಿ ಅವಳ ಹಳೆಯ ಹೆಸರನ್ನು ಬರೆದ ಫಲಕ ಹಿಡಿದವರು ನಿಂತರು, ಇನ್ನೊಂದು ಗೇಟಿನಲ್ಲಿ ಹಾರ ಹಿಡಿದವರು ನಿಂತರು. ಎರಡೂ ಕಡೆಯವರು ಟಿಕೆಟ್ ಕೊಂಡು ಒಳಗೆ ಬಂದರು. ಕೂರಲು ಜಾಗವಿಲ್ಲದೆ ಜನ ಮೆಟ್ಟಿಲ ಮೇಲೆ ನಿಂತರು. ಬಂಗಾರದ ಅಂಗಡಿ, ತಲೆಗೆ ಹಚ್ಚುವ ಎಣ್ಣೆ, ಬ್ಯಾಟರಿ ಸ್ಕೂಟರ್ ಎಲ್ಲವೂ ಟ್ರ್ಯಾಕಿನ ಸುತ್ತ ತಮ್ಮ ಹೆಸರು ಬರೆಸಿದವು. ಪಗಾರ ತಿಂಗಳ ಮೊದಲಿಗೇ ಬರತೊಡಗಿತು. ಶಾಂತವ್ವಳ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು.

ಸಾವಂತ್ರಿಗೆ ಈಗ ಪೊಲೀಸರ ಕಾವಲಿಲ್ಲದೆ ಪೇಟೆಗೆ ಹೋಗಲಾಗುತ್ತಿರಲಿಲ್ಲ. ಒಮ್ಮೆ ತರಕಾರಿ ಅಂಗಡಿಯ ಮುಂದೆ ಒಬ್ಬ ಹೆಂಗಸು, ಮಗಳ ಕೈ ಹಿಡಿದುಕೊಂಡೇ, ಅವಳ ಮೇಲೆ ಉಗುಳಿದಳು. ಸಾವಂತ್ರಿ ಒರೆಸಿಕೊಂಡು ಬಂದಳು. ಇದೆಲ್ಲ ಗೆಲುವಿನ ಜೊತೆಗೆ ಬರುವುದು, ತಡೆದುಕೊಳ್ಳಬೇಕು ಎಂದುಕೊಂಡಳು. ತಾನು ಸುಧಾರಿಸಿದ್ದೇನೆ ಎಂದು ಅವಳು ನಂಬಿದ್ದಳು. ಬೆಳಗಿನ ಅಭ್ಯಾಸವನ್ನು ಇನ್ನೂ ಹೆಚ್ಚಿಸಿದಳು.

ಅವಳಿಂದ ತಡೆಯಲಾಗದ್ದು ಒಂದೇ. ನೀಲಗಂಗಾ ಟಿವಿಯಲ್ಲಿ ಅತ್ತಳು. "ನಾವು ಸಣ್ಣವರಿದ್ದಾಗಿಂದ ಕಷ್ಟಪಟ್ಟೀವಿ," ಎಂದಳು. "ನಮ್ಮ ಜಾಗಾ ಇನ್ನೊಬ್ಬರು ತಗೊಂಡು ಹೋದ್ರ ನಾವ್ ಎಲ್ಲಿಗೆ ಹೋಗೂದ್ರಿ?"

ಸಾವಂತ್ರಿ ಅದನ್ನು ಕೆಳಗಿನ ಮನೆಯಲ್ಲಿ, ಶಾಂತವ್ವಳ ಪಕ್ಕದಲ್ಲಿ ಕೂತು ನೋಡಿದಳು. ಮಾತು ಮುಖಕ್ಕೆ ಹೊಡೆದಂತೆ ಹೇಳುವುದು ನೀಲಗಂಗಾಳ ಸ್ವಭಾವ. ಸುಳ್ಳು ಅವಳ ಬಾಯಿಗೆ ಬಾರದು. ಹಾಗಾದರೆ ಗಾಲಿಯಲ್ಲೇ ಏನಾದರೂ ಕಡಿಮೆಯಾಗಿರಬೇಕು, ತನ್ನ ಮೆಟ್ಟಿಲು ಹನ್ನೊಂದಲ್ಲ, ಹನ್ನೆರಡೋ ಹದಿಮೂರೋ ಇರಬೇಕು. ನೀಲಗಂಗಾ ಮನೆಗೆ ಬಂದಾಗ ಅವಳು ಎದ್ದು ನಿಂತು, "ತಪ್ಪಾತು ನೀಲಾ. ನಾ ಗಲಗಲಿ ಮೇಡಂಗ ಹೇಳಿ ನನ್ನ ಮೆಟ್ಟಿಲಾ ಏರಸ್ತೀನಿ. ನೀ ಅಳಬ್ಯಾಡ," ಎಂದಳು.

"ಇರ್ಲಿ ಬಿಡು," ಎಂದಳು ನೀಲಗಂಗಾ. ಮುಖ ತೊಳೆಯಲು ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹನ್ನೊಂದೇ ಸರಿ ಎಂದು ಗಲಗಲಿ ಮೆಟ್ಟಿಲು ಏರಿಸಲಿಲ್ಲ. ಮುಂದಿನ ಓಟದಲ್ಲಿ ಅದು ಆಯಿತು. ಕೊನೆಯ ಸುತ್ತಿಗೆ ಗಂಟೆ ಬಾರಿಸಿದ್ದರು. ಸಾವಂತ್ರಿ ಮೂರನೆಯ ಸ್ಥಾನದಲ್ಲಿದ್ದಳು, ಉಸಿರು ಕಟ್ಟುತ್ತಿತ್ತು. ತಿರುವಿನಲ್ಲಿ ಪೆಡಲ್ ಒಮ್ಮೆಲೇ ಹಗುರವಾಯಿತು. ಹನ್ನೊಂದರಿಂದ ಎಂಟಕ್ಕೆ. ಕಾಲಿಗೆ ಗೊತ್ತಾಯಿತು, ತಲೆಗೆ ಗೊತ್ತಾಗುವಷ್ಟರಲ್ಲಿ ಅವಳು ಗೆರೆ ದಾಟಿ ಗೆದ್ದಾಗಿತ್ತು.

ಮರುದಿನ ಪ್ರಯೋಗಾಲಯಕ್ಕೆ ಹೋದಳು. ಗಲಗಲಿ ಕನ್ನಡಕ ಒರೆಸುತ್ತ, "ತಾಮ್ರ ಕಾಯ್ತದ," ಎಂದರು. "ಕಾದ್ರ ಹಿಡಿತ ಸ್ವಲ್ಪ ಸಡಲ ಆಗ್ತದ. ಬ್ಯಾಸಗಿ ನೋಡು."

"ಕಾದ್ರ ನಿಧಾನಕ ಹಗರ ಆಗ್ತದ್ರಿ. ಇದು ಒಮ್ಮಿಗೇ ಮೂರು ಮೆಟ್ಟಿಲಾ ಇಳೀತು."

"ನಿನಗ ಹಂಗ ಅನಿಸಿರಬೇಕು. ಜನರ ಗದ್ದಲದಾಗ ಮನಸ ನೆಟ್ಟಗಿರೂದಿಲ್ಲ."

ಎರಡು ವರ್ಷ ಜೊತೆಗೆ ಕೂತು ಊಟ ಮಾಡಿದ ಹೆಂಗಸು. ಸಾವಂತ್ರಿ ವಾದಿಸದೆ ಎದ್ದು ಬಂದಳು. ಆದರೆ ನಂಬಲಿಲ್ಲ. ಮುಂದಿನ ಓಟದಲ್ಲಿ ಅವಳೇ ಒಂದು ಪ್ರಯೋಗ ಮಾಡಿದಳು. ನೋಡುವವರಿಗೆ ಗೊತ್ತಾಗದಂತೆ, ಮೈ ಮುಂದಕ್ಕೆ ಬಗ್ಗಿಸಿ, ಹಲ್ಲು ಕಚ್ಚಿದಂತೆ ಮಾಡಿ, ಬೆಳಗಿನ ಅಭ್ಯಾಸದಲ್ಲಿ ತುಳಿಯುವಷ್ಟೇ ತುಳಿದಳು. ಅರ್ಧ ಓಟ ಮುಗಿದಾಗ ಎಲ್ಲರಿಗಿಂತ ಹಿಂದೆ ಇದ್ದಳು. ಗಾಲಿ ಒಂಬತ್ತಕ್ಕೆ ಇಳಿಯಿತು. ಅವಳು ಇನ್ನೂ ಸಡಿಲ ಬಿಟ್ಟಳು. ಏಳಾಯಿತು, ಐದಾಯಿತು. ಮುಂದಿದ್ದವರ ಬೆನ್ನುಗಳು ಹತ್ತಿರವಾದವು. ಅವರು ಕೆಸರಿನಲ್ಲಿ ತುಳಿಯುವವರಂತೆ ತುಳಿಯುತ್ತಿದ್ದರು. ಕೊನೆಯ ತಿರುವಿನಲ್ಲಿ ಅವಳ ಗಾಲಿ ಎರಡರಲ್ಲಿತ್ತು. ಜನ ಎದ್ದು ನಿಂತು ಕೂಗುತ್ತಿದ್ದರು. ಪೂರ್ತಿ ತುಳಿಯದೆಯೇ ಅವಳು ಮೊದಲನೆಯವಳಾಗಿ ಬಂದಳು.

ಹಾರದವರನ್ನೂ ಮೈಕಿನವರನ್ನೂ ದಾಟಿ, ಬೂಟಿನ ಅಡಿಯ ಲೋಹ ಟಕಟಕ ಎನ್ನುತ್ತಿರಲು, ಅವಳು ನೇರವಾಗಿ ನಿಯಂತ್ರಣ ಕೊಠಡಿಯ ಮೆಟ್ಟಿಲು ಹತ್ತಿದಳು. ಒಳಗೆ ನಾಡಗೌಡ ಚಹಾ ಕುಡಿಯುತ್ತಿದ್ದ. ಗಲಗಲಿ ಪರದೆಯ ಮುಂದೆ ಕೂತಿದ್ದರು. ಅದರ ಮೇಲೆ ಪ್ರತಿಯೊಬ್ಬಳ ಹೆಸರಿನ ಮುಂದೆ ಅವಳ ಗಾಲಿಯ ಮೆಟ್ಟಿಲಿನ ಅಂಕಿ. ಸಾವಂತ್ರಿಯದು ಎರಡು, ನೀಲಗಂಗಾಳದು ಒಂಬತ್ತು. ಅದನ್ನು ಅಳಿಸುವಷ್ಟು ಸಮಯ ಅವರಿಗೆ ಸಿಕ್ಕಿರಲಿಲ್ಲ.

"ಮೇಡಂ," ಎಂದಳು ಸಾವಂತ್ರಿ.

ಗಲಗಲಿ ತಿರುಗಲಿಲ್ಲ. ನಾಡಗೌಡನೇ ಕುರ್ಚಿ ಎಳೆದು ಕೊಟ್ಟ. "ಕುಂದ್ರು ತಂಗಿ. ಹೋದ ವರ್ಷ ಎಷ್ಟು ಮಂದಿ ಬಂದಿದ್ರು? ನಾಯಿ ಬಂದಿದ್ವು. ಹೆಣ್ಮಕ್ಕಳ ಸೈಕಲ್ ನೋಡಾಕ ಈ ದೇಶದಾಗ ಯಾರೂ ರೊಕ್ಕಾ ಬಿಚ್ಚೂದಿಲ್ಲ. ನಿನ್ನ ಬೈಯಾಕ ಬಿಚ್ಚತಾರ. ನಿನ್ನ ಪರವಾಗಿ ಜಗಳಾಡಾಕ ಬಿಚ್ಚತಾರ. ನೀ ಐದನೇದಾಗಿ ಬಂದ್ರ ಅವರು ಯಾರಿಗೆ ಬೈಬೇಕು?"

"ಅಂದ್ರ ನಾ ಒಂದೂ ಗೆದ್ದಿಲ್ಲ."

"ನೀ ಗೆದ್ದಿದ್ದಕ್ಕ ಹನ್ನೆರಡು ಮನ್ಯಾಗ ಒಲಿ ಹತ್ತಾಕತ್ತದ."

"ಮೇಡಂ, ನೀವು ಹೇಳ್ರಿ. ಒಂದಾದ್ರೂ ನಂದದ ಏನು?"

ಆಗ ಗಲಗಲಿ ತಿರುಗಿದರು. "ಲೀಗ್ ಮುಚ್ಚಿದ್ರ ಗಾಲಿನೂ ಹೋಗ್ತಿತ್ತು ಸಾವಂತ್ರಿ. ನಿನ್ನಂಥವರಿಗೆ ಮತ್ತ ಯಾವ ದಾರಿನೂ ಉಳೀತಿರಲಿಲ್ಲ. ಎರಡು ವರ್ಷ ತಡಕೊಂಡ್ರ ಜನ ಆಟಾ ನೋಡೂದು ಕಲೀತಾರ, ಆಮ್ಯಾಲ ಎಲ್ಲಾ ಸರಿ ಮಾಡೂಣು ಅಂತ..."

ಸಾವಂತ್ರಿ ಆಟೋ ಹಿಡಿದು ಮನೆಗೆ ಓಡಿದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗಿದ್ದದ್ದು ಅವಸರ. ಮೊದಮೊದಲ ಓಟಗಳಲ್ಲಿ ತನ್ನ ಗಾಲಿಯನ್ನು ಮುಟ್ಟದೆ ಉಳಿದವರದನ್ನಷ್ಟೇ ಬಿಗಿ ಮಾಡಿರಬೇಕು, ಅದಕ್ಕೇ ತನ್ನ ಕಾಲಿಗೆ ಗೊತ್ತಾಗಿರಲಿಲ್ಲ. ನೀಲಗಂಗಾಳ ಗಾಲಿಯನ್ನು ಮೂರರಿಂದ ಒಂಬತ್ತಕ್ಕೆ ಏರಿಸಿದ್ದರು. ಪಾಪದ ಹುಡುಗಿ, ತನ್ನ ಕಾಲೇ ಸೋತಿತು ಎಂದುಕೊಂಡು ಟಿವಿಯ ಮುಂದೆ ಅತ್ತಿತ್ತು. ಅವಳಿಗೆ ಮೊದಲು ಹೇಳಬೇಕು.

ನೀಲಗಂಗಾ ಸಂಜೆಗೆ ಬಂದಳು. ಅಡುಗೆಮನೆಯಲ್ಲಿ ಶಾಂತವ್ವ ಪುಂಡಿಪಲ್ಯೆಯ ಸೊಪ್ಪು ಸೋಸುತ್ತಿದ್ದಳು. ಸಾವಂತ್ರಿ ಎಲ್ಲವನ್ನೂ ಹೇಳಿದಳು, ಪರದೆಯ ಮೇಲಿನ ಒಂಬತ್ತನ್ನು ಎರಡು ಸಲ ಹೇಳಿದಳು. ನೀಲಗಂಗಾ ಕೇಳಿಸಿಕೊಂಡು ನೆಲ ನೋಡುತ್ತ ನಿಂತಳು. ಅವಳ ಮುಖದಲ್ಲಿ ಬೆರಗು ಕಾಣಲಿಲ್ಲ. ಸಾವಂತ್ರಿ ಅದನ್ನು ಗಮನಿಸಿದಳು.

"ನಿನಗ ಗೊತ್ತಿತ್ತು."

"ಹ್ಞೂಂ."

"ಯಾವಾಗಿಂದ?"

"ಮೊದಲಿಂದ. ನಾಡಗೌಡ್ರು ನಮ್ಮನ್ನೆಲ್ಲಾ ಕರದು ಹೇಳಿದ್ರು. ನಿನಗೊಬ್ಬಾಕಿಗಿ ಹೇಳಬ್ಯಾಡ್ರಿ ಅಂದ್ರು. ಗೊತ್ತಾದ್ರ ನೀ ಓಡಸೂದಿಲ್ಲ ಅಂತ."

"ಟಿವ್ಯಾಗ ಅತ್ತದ್ದು?"

"ಏನ್ ಮಾತಾಡಬೇಕು ಅಂತ ಅವರ ಹೇಳಿಕೊಟ್ಟಿದ್ರು."

ಶಾಂತವ್ವಳ ಕೈಯಲ್ಲಿ ಸೊಪ್ಪು ಹಾಗೆಯೇ ನಿಂತಿತ್ತು. ಅವಳಿಗೂ ಇದು ಹೊಸದು.

"ನಾ ನಿನಗ ತಪ್ಪಾತು ಅಂದೆ," ಎಂದಳು ಸಾವಂತ್ರಿ. ಧ್ವನಿ ಏರಲಿಲ್ಲ. "ನೀ ಇರ್ಲಿ ಬಿಡು ಅಂದಿ."

ನೀಲಗಂಗಾಳ ಕಣ್ಣಲ್ಲಿ ನೀರು ಬಂತು. "ಅವ್ವನ ಕಾಲು ನೋಡು. ನಾ ಹತ್ತು ವರ್ಷ ಗೆದ್ದೀನಿ, ಒಂದು ಸೀರಿ ಕೊಡಸಾಕ ಆಗಲಿಲ್ಲ. ಸೋತ ಮ್ಯಾಲ ಪಗಾರ ಬಂತು. ನಾ ಏನ್ ಮಾಡಬೇಕಿತ್ತು ಹೇಳು."

"ನನಗ ಹೇಳಬೇಕಿತ್ತು."

ನೀಲಗಂಗಾ ಕಣ್ಣೊರೆಸಿಕೊಂಡು ಹೊರಗೆ ನಡೆದಳು.

ಅಂತಿಮ ಓಟಕ್ಕೆ ಇನ್ನು ಒಂದು ವಾರವಿತ್ತು. ಪತ್ರಕರ್ತರಿಗೆ ಹೇಳಬೇಕೆಂದು ಸಾವಂತ್ರಿ ಯೋಚಿಸಿದಳು. ಹೇಳಿದರೆ ಫಲಕ ಹಿಡಿದವರು, ನಾವು ಮೊದಲೇ ಹೇಳಿರಲಿಲ್ಲವೇ ಎನ್ನುತ್ತಾರೆ. ಹಾರ ಹಿಡಿದವರು, ನಮ್ಮ ಮುಖಕ್ಕೆ ಮಸಿ ಬಳಿದೆ ಎನ್ನುತ್ತಾರೆ. ಓಡಿಸದೇ ಇರಬಹುದಿತ್ತು. ಆದರೆ ಅವಳಿಗೆ ಒಂದು ಓಟ ಬೇಕಾಗಿತ್ತು, ಒಂದೇ ಒಂದು, ಯಾರ ಕೈಯೂ ಇಲ್ಲದ್ದು.

ಅಂತಿಮ ಓಟದ ದಿನ ತಪಾಸಣೆಯವರು ಅವಳ ಗಾಲಿಯನ್ನು ಹನ್ನೊಂದಕ್ಕೆ ಕೂಡಿಸಿ ಮುದ್ರೆ ಒತ್ತಿ ಹೋದರು. ಪಕ್ಕದಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ. ಅದರ ಕೆಳಗೆ ಕೂದಲೆಳೆಯಂಥ ತಂತಿ, ರೇಡಿಯೋದ್ದು. ಅದನ್ನು ಕೂರಿಸುವಾಗ ಪ್ರಯೋಗಾಲಯದಲ್ಲಿ ಅವಳೇ ದೀಪ ಹಿಡಿದು ನಿಂತಿದ್ದಳು. ಸರಂಜಾಮಿನ ಚೀಲದ ಮರೆಯಲ್ಲಿ, ತಲೆಯ ಹೇರ್‌ಪಿನ್ ತೆಗೆದು ಆ ತಂತಿಯನ್ನು ಎಳೆದು ಹಾಕಿದಳು. ಈಗ ಅಯಸ್ಕಾಂತ ಹನ್ನೊಂದರಲ್ಲೇ ನಿಲ್ಲುತ್ತದೆ, ಮೇಲಿನ ಕೊಠಡಿಯವರು ಏನು ಬೇಕಾದರೂ ಒತ್ತಿಕೊಳ್ಳಲಿ.

ಅವಳು ತನ್ನ ಜೀವಮಾನದಲ್ಲೇ ಅಷ್ಟು ಬಲ ಹಾಕಿ ತುಳಿದಿರಲಿಲ್ಲ. ಗಾಲಿ ಕೊಂಚವೂ ಹಗುರವಾಗಲಿಲ್ಲ, ಭಾರವೂ ಆಗಲಿಲ್ಲ. ಉಳಿದವರ ಗಾಲಿಗಳು ಮೊದಲು ಬಿಗಿಯಾದವು, ಆಮೇಲೆ ಅವಳ ಗಾಲಿ ಮಾತು ಕೇಳುತ್ತಿಲ್ಲವೆಂದು ತಿಳಿದ ಕೊಠಡಿಯವರು, ಗುಟ್ಟು ಬಯಲಾದೀತೆಂದು ಗಾಬರಿಯಾಗಿ, ಒಂದೊಂದನ್ನೇ ಅದರದರ ಮೆಟ್ಟಿಲಿಗೆ ಸಡಿಲ ಬಿಟ್ಟರೆಂದು ಕಾಣುತ್ತದೆ. ನಡುವಿನ ಸುತ್ತುಗಳಲ್ಲಿ ಅವಳು ನಾಲ್ಕನೆಯವಳಾಗಿದ್ದಳು. ಕೊನೆಗೆ ಆರನೆಯವಳಾಗಿ ಬಂದಳು. ನೀಲಗಂಗಾ ಗೆದ್ದಳು.

ಬೈಯಲು ಬಂದವರಿಗೆ ಬೈಯಲು ಏನೂ ಸಿಗಲಿಲ್ಲ. ಹಾರದವರು ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಕೂತರು. ಸಾವಂತ್ರಿ ಟ್ರ್ಯಾಕಿನ ಅಂಚಿನಲ್ಲಿ ಅಂಗಾತ ಮಲಗಿ ಏದುಸಿರು ಬಿಡುತ್ತಿದ್ದಳು.

ಗಾಲಿ ಬಿಚ್ಚಿ ನೋಡಿದಾಗ ತಂತಿ ಕಿತ್ತಿರುವುದು ಪತ್ತೆಯಾಯಿತು. ವಿಚಾರಣಾ ಸಮಿತಿ ಕೂತಿತು. ಹೌದು, ನಾನೇ ಕಿತ್ತೆ ಎಂದು ಸಾವಂತ್ರಿ ಒಪ್ಪಿಕೊಂಡಳು. ಯಾಕೆ ಎಂದೂ ಹೇಳಿದಳು. ಅಧ್ಯಕ್ಷರು ಗಲಗಲಿಯವರ ಕಡೆ ನೋಡಿದರು.

"ಓಟದ ನಡುವ ಗಾಲಿ ಬದಲಿ ಮಾಡೂ ವ್ಯವಸ್ಥಾ ಇಲ್ರಿ," ಎಂದರು ಗಲಗಲಿ. "ಅಪಘಾತದಾಗ ನಿಧಾನ ಮಾಡೂದಷ್ಟೇ."

ನೀಲಗಂಗಾಳನ್ನು ಕರೆದರು. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಇಂಥ ಯಾವುದಾದರೂ ವಿಷಯ ನಿಮಗೆ ತಿಳಿದಿತ್ತೇ ಎಂದು ಅಧ್ಯಕ್ಷರು ಕೇಳಿದರು. ಸಾವಂತ್ರಿ ಅವಳ ಮುಖವನ್ನೇ ನೋಡುತ್ತಿದ್ದಳು.

"ನನಗೇನೂ ಗೊತ್ತಿಲ್ರಿ," ಎಂದಳು ನೀಲಗಂಗಾ.

ಗಾಲಿಗೆ ಕೈ ಹಚ್ಚಿ ಮೋಸ ಮಾಡಿದ್ದಕ್ಕಾಗಿ ಸಾವಂತ್ರಿಗೆ ಆಜೀವ ನಿಷೇಧ ಹಾಕಿದರು. ಅವಳ ಎಲ್ಲ ಗೆಲುವುಗಳನ್ನೂ ರದ್ದು ಮಾಡಿದರು; ಅದಕ್ಕೆ ಅವಳ ತಕರಾರಿರಲಿಲ್ಲ. ಆರನೆಯ ಸ್ಥಾನವನ್ನೂ ರದ್ದು ಮಾಡಿದಾಗ ಮಾತ್ರ, "ಅದೊಂದು ಖರೇ ಇತ್ರಿ," ಎಂದಳು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ನಿಷೇಧದ ಸುದ್ದಿ ಬಂದ ವಾರ ಲೀಗಿನ ಹೆಸರು ಎಲ್ಲ ಪರದೆಗಳ ಮೇಲೂ ಇತ್ತು.

ಅವಳು ಬಟ್ಟೆ ತರಲು ಮನೆಗೆ ಹೋದಾಗ ನೀಲಗಂಗಾ ಇರಲಿಲ್ಲ. ಶಾಂತವ್ವ ಹೊಸ ಮಂಡಿಯ ಮೇಲೆ ಗಟ್ಟಿಯಾಗಿ ನಡೆದು ಬಂದು ಬಾಗಿಲಲ್ಲಿ ನಿಂತಳು. ಮಗಳ ಪರವಾಗಿ ಒಂದು ಮಾತೂ ಆಡಲಿಲ್ಲ.

"ಉಂಡು ಹೋಗು," ಎಂದಳು.

"ಬ್ಯಾಡ ಯವ್ವಾ."

ಆ ಮನೆಯಲ್ಲಿ ಅವಳು ಊಟ ಬೇಡ ಎಂದದ್ದು ಅದೇ ಮೊದಲು. ಶಾಂತವ್ವ ಅವಳ ಚೀಲವನ್ನು ತಾನೇ ಎತ್ತಿಕೊಂಡು ರಸ್ತೆಯವರೆಗೂ ಬಂದಳು. ಆಟೋ ಬರುವ ತನಕ ಜೊತೆಗೇ ನಿಂತಿದ್ದಳು.

ಸಾವಂತ್ರಿ ಜಮಖಂಡಿಯಲ್ಲಿ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅವಳ ಮುಖ ಗುರುತು ಹಿಡಿದವರು ಮೊದಮೊದಲು ಗುಸುಗುಸು ಎನ್ನುತ್ತಿದ್ದರು. ಆಮೇಲೆ ಪಂಕ್ಚರ್ ಹಾಕಿಸಿಕೊಂಡು ಹೋಗತೊಡಗಿದರು. ಲೀಗಿನ ಮೂರನೇ ಋತುವಿಗೆ ಸಿದ್ಧತೆ ನಡೆದಿರುವಾಗ ಒಂದು ಮಧ್ಯಾಹ್ನ ಫೋನ್ ಬಂತು. ರೋಣದ ಹುಡುಗಿ, ಹೆಸರು ಅಮೃತಾ. ತಾನೂ ಸಾವಂತ್ರಿಯಂಥವಳೇ, ಮನೆಯಿಂದ ಹೊರಹಾಕಿದ್ದಾರೆ, ಈಗ ಹುಬ್ಬಳ್ಳಿಯಲ್ಲಿದ್ದೇನೆ, ಸೈಕಲ್ ಚೆನ್ನಾಗಿ ಓಡಿಸುತ್ತೇನೆ ಎಂದಳು.

"ಗಲಗಲಿ ಮೇಡಂ ಕರದಾರಕ್ಕಾ. ಗಾಲಿ ನ್ಯಾಯದ್ದದ ಅಂತಾರ. ಖರೇನ?"

"ಗಾಲಿ ನ್ಯಾಯದ್ದ ಅದ," ಎಂದಳು ಸಾವಂತ್ರಿ. ಆಮೇಲೆ ಏನೇನು ನಡೆಯಿತೋ ಎಲ್ಲವನ್ನೂ ಹೇಳಿದಳು, ನೀಲಗಂಗಾಳ ಹೆಸರನ್ನು ಮಾತ್ರ ಬಿಟ್ಟು.

"ಪಗಾರ ಕೊಡ್ತಾರೇನಕ್ಕಾ?"

ಸಾವಂತ್ರಿ ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಂಡಳು. ಇಲ್ಲ ಎಂದು ಹೇಳಿಬಿಡಬಹುದಿತ್ತು.

"ಕೊಡ್ತಾರ."

"ತಪ್ಪದಂಗ?"

"ತಪ್ಪದಂಗ."

"ಹಂಗಾರ ನಾ ಹೋಗ್ತೀನಕ್ಕಾ. ಸಿಟ್ಟಾಗಬ್ಯಾಡ."

"ಸಿಟ್ಟಿಲ್ಲ. ಆದ್ರ ಹೋಗೂಕ್ಕಿಂತ ಮೊದಲ ಇಲ್ಲಿಗೆ ಬಾ. ಗಾಲಿ ಒಂದು ಮೆಟ್ಟಿಲಾ ಇಳದ್ರ ಕಾಲಿಗೆ ಹೆಂಗ ಅನಸ್ತದ, ಏರಿದ್ರ ಹೆಂಗ ಅನಸ್ತದ, ಕಲಿಸಿ ಕೊಡ್ತೀನಿ."

"ಕಲತು ಏನ್ ಮಾಡ್ಲಿ?"

ಅಂಗಡಿಯ ಮುಂದೆ ಯಾರೋ ಸೈಕಲ್ ನಿಲ್ಲಿಸಿ ಗಂಟೆ ಬಾರಿಸುತ್ತಿದ್ದರು.

"ಯಾವ ಗೆಲುವು ನಿಂದು, ಯಾವುದು ಅವರದು ಅಂತ ಗೊತ್ತಾಗ್ತದ," ಎಂದಳು. "ಅಷ್ಟಾದ್ರೂ ನಿನಗ ಗೊತ್ತಿರ್ಲಿ."

ಹುಬ್ಬಳ್ಳಿಯಿಂದ ಜಮಖಂಡಿಗೆ ನೇರ ಬಸ್ಸು ಇದೆಯೇ ಎಂದು ಅಮೃತಾ ಕೇಳಿದಳು.